ತಂಗಿಯ ಹೆಸರಿನ ಸಾಲ

“ಹೈಸ್ಕೂಲು ಮುಗಿಸೋಕಾಗದ ಕತ್ತೆ! ಸರಕಾರದ ಸಾಲ ನುಂಗೋಕೆ ಮಾತ್ರ ನಿನಗೆ ಯಾವ ಮೇಷ್ಟ್ರೂ ಬೇಕಾಗಲಿಲ್ಲ, ಅಲ್ವೇನೋ?”

ಹೆಡ್‌ಮಾಸ್ಟರ್ ಒಗೆಟೊ ಹೀಗೆ ಕೂಗಿದ್ದು ನಮ್ಮೂರು ತಬಾಕದ ಕಲ್ಲುಗಣಿಯ ಮುಂದೆ, ಸಂತೆಯ ದಿನ. ಕಲ್ಲು ಕೆತ್ತುವವರು, ನೀರಿನ ಬೋಗುಣಿಯಲ್ಲಿ ಕಲ್ಲಿನ ಬೊಂಬೆ ಉಜ್ಜುವ ಹೆಂಗಸರು, ಬಾಡಿಗೆ ಬೈಕು ಓಡಿಸುವ ನಾವು, ನೈರೋಬಿಯಿಂದ ಬಂದಿದ್ದ ವ್ಯಾಪಾರಿ — ಎಲ್ಲರೂ ತಿರುಗಿ ನೋಡಿದರು.

ನ್ಯಾಬುಟೊ ಅರ್ಧ ಕೆತ್ತಿದ ನೀರಾನೆಯನ್ನು ಪಾದಗಳ ನಡುವೆ ಹಿಡಿದು ಕೂತಿದ್ದ. ಮೈಯೆಲ್ಲ ಬಿಳಿ ಧೂಳು. ರೆಪ್ಪೆಯ ಮೇಲೂ ಧೂಳು.

“ಏನಂದ್ರಿ ಚಿಕ್ಕಪ್ಪ?”

“ಏನಂದೆನಾ? ನನ್ನ ಸಂಬಳ ಕತ್ತರಿಸಿದಾರೆ ಕಣೋ! ನಿನ್ನ ತಂಗಿ ಕೆರುಬೊ ಹೆಸರಲ್ಲಿ, ಓದು ಮುಗಿಯೋವರೆಗೂ, ಸಾಲ ಹೋಗಿದೆಯಂತೆ. ಒಂದು ಕಂತೂ ವಾಪಸ್ ಬಂದಿಲ್ಲವಂತೆ. ಜಾಮೀನು ನಿಂತ ಪಾಪಿ ನಾನು! ಅವಳು, ಪಾಪ, ಅರ್ಜಿಯೇ ಬಿದ್ದುಹೋಯ್ತು ಅಂದುಕೊಂಡಿದ್ಲು. ದುಡ್ಡು ಬಂದದ್ದು ಯಾವ ಫೋನ್ ನಂಬರಿಗೆ ಗೊತ್ತಾ? ನಿನ್ನ ಹೆಸರಲ್ಲಿರೋ ನಂಬರಿಗೆ!”

ನ್ಯಾಬುಟೊ ಕೈಯಲ್ಲಿದ್ದ ಉಳಿ ಕೆಳಗಿಟ್ಟ.

“ಕೆರುಬೊ ಸಾಲದ ಕಚೇರಿಗೆ ದೂರು ಕೊಟ್ಟಾಗಿದೆ, ಯಾರೋ ಕದ್ದರು ಅಂತ. ಭಾನುವಾರದೊಳಗೆ ನಿಮ್ಮಪ್ಪನ ಗಣಿ ಜಾಗ ಮಾರಿ ದುಡ್ಡು ಇಡು. ಇಲ್ಲಾ ಜೈಲಿಗೆ ಹೋಗು. ಯಾವುದು ಬೇಕೋ ಆರಿಸಿಕೋ!”

ಹೇಳಿದವನೇ ಬೂಟುಗಾಲಿನಿಂದ ನೀರಾನೆಯನ್ನು ಒದ್ದ. ಕಿವಿ ಮುರಿದು ಬಿತ್ತು. ವ್ಯಾಪಾರಿ ತಾನು ಆರಿಸಿಟ್ಟಿದ್ದ ಬೊಂಬೆಗಳನ್ನೂ ಮೆಲ್ಲಗೆ ಕೆಳಗಿಟ್ಟು ಪಕ್ಕದವನ ಬಳಿಗೆ ಹೋದ. ಕಳ್ಳನ ಹತ್ತಿರ ಯಾರು ಕೊಳ್ಳುತ್ತಾರೆ?

ನ್ಯಾಬುಟೊ ನನ್ನ ಗೆಳೆಯ. ಒಂದೇ ಬೆಂಚಿನಲ್ಲಿ ಕೂತವರು, ಒಂದೇ ವರ್ಷ ಶಾಲೆ ಬಿಟ್ಟವರು. ನಾನು ಬಿಟ್ಟದ್ದು ನನ್ನ ಹಣೆಬರಹ. ಅವನು ಬಿಟ್ಟದ್ದು ತಂಗಿಗಾಗಿ. ಅಪ್ಪ ಗಣಿ ಕುಸಿದು ಸತ್ತಮೇಲೆ ಒಬ್ಬರ ಫೀಸಿಗಷ್ಟೇ ದುಡ್ಡಿತ್ತು. ಆಮೇಲೆ ಯೂನಿವರ್ಸಿಟಿ ಸೇರಿದ ಕೆರುಬೊಗೆ ಸಾಲ ಸಿಗಲಿಲ್ಲ ಎಂದು ಗೊತ್ತಾದಾಗ ಇವನು ಹಗಲು ಕೆತ್ತಿದ, ಸಂಜೆ ಬೇರೆಯವರ ಕಲ್ಲು ಹೊತ್ತ. ಹೆಣ್ಣಿನ ಕಡೆಯವರಿಗೆ ಕೊಡಲು ಹಸುಗಳಿಲ್ಲದೆ ಮದುವೆಯಾಗಲಿಲ್ಲ. ಪದವಿ ಕೊಡುವ ದಿನ ಅವಳ ಜೊತೆ ಹೋದದ್ದು ತಾಯಿ ಮತ್ತು ಈ ಚಿಕ್ಕಪ್ಪ. ಇವನಿಗೆ ಆವತ್ತೂ ಕೆಮ್ಮು, ಆವತ್ತೂ ಕೆಲಸ.

ಇಂಥವನು ಕಳ್ಳನೇ?

ನಾನು ನೇರವಾಗಿ ಬೊಸಿಬೊರಿ ಅಮ್ಮನ ಮನೆಗೆ ಬೈಕು ಓಡಿಸಿದೆ. ನೈರೋಬಿಯಲ್ಲಿ ಅಪರಾಧ ವಿಭಾಗದ ಇನ್‌ಸ್ಪೆಕ್ಟರ್ ಆಗಿದ್ದು ನಿವೃತ್ತರಾಗಿ ಬಂದವರು. ಈಗ ಕೋಳಿ ಸಾಕುತ್ತಾರೆ. ಊರಿನವರು ಪೊಲೀಸರಿಗಿಂತ ಅವರಿಗೆ ಹೆಚ್ಚು ಹೆದರುತ್ತಾರೆ.

ಎಲ್ಲ ಕೇಳಿ ಅವರು ಒಂದೇ ಮಾತು ಅಂದರು. “ಅವನೇ ತಿಂದಿದ್ರೆ, ಹಾಗಂತಾನೂ ಹೇಳ್ತೀನಿ. ಆಮೇಲೆ ನನ್ನ ಮೇಲೆ ಮುನಿಸಿಕೋಬೇಡ.”

“ಆಯ್ತಮ್ಮ.”

“ಮತ್ತೆ ನಿಧಾನ ಓಡಿಸು. ನನ್ನ ಕೊಂದರೆ ನೀನೂ ಅವನ ಜೊತೆ ಒಳಗೇ.”

ಮೊದಲು ಒಗೆಟೊನ ಶಾಲೆಗೆ ಹೋದೆವು.

“ಜಾಮೀನು ನಿಂತಾಗ ಸಾಲ ಹೇಗೆ ಬರುತ್ತೆ ಅಂತ ವಿಚಾರಿಸಿದ್ರಾ ಮೇಷ್ಟ್ರೇ?”

“ಅದರಲ್ಲೇನು ವಿಚಾರಿಸೋದು? ಸರಕಾರ ಕೊಡುತ್ತೆ, ಫೋನಿಗೆ ಬೀಳುತ್ತೆ. ನಾನು ಟೀಚರ್ ಕಾಲೇಜಲ್ಲಿ ಓದಿದವನು, ನನಗೆ ಯಾವ ಸಾಲದ ದರ್ದೂ ಬರಲಿಲ್ಲ.”

“ಇಡೀ ಸಾಲ ಫೋನಿಗೇ ಬೀಳುತ್ತೆ ಅಂತ ಯಾರು ಹೇಳಿದ್ದು?”

“ಇಡೀ ಊರಿಗೇ ಗೊತ್ತು!”

ಬೊಸಿಬೊರಿ ಅಮ್ಮ ತಲೆಯಾಡಿಸಿದರು. ಅವರ ತುಟಿಯ ಕೊನೆಯಲ್ಲಿ ಏನೋ ಮಿಂಚಿ ಹೋಯಿತು. ನನಗೆ ಅರ್ಥವಾಗಲಿಲ್ಲ.

ಅಲ್ಲಿಂದ ನ್ಯಾಬುಟೊನ ಮನೆಗೆ. ಅಂಗಳದ ಆಚೆ ಅವನ ಗುಡಿಸಲು, ಈಚೆ ತಾಯಿಯ ಮನೆ. ತಾಯಿ ಮೊಣಕಾಲು ನೋವಿಗೆ ಒಳಕೋಣೆಯಲ್ಲಿ ಮಲಗಿದ್ದಳು. ನ್ಯಾಬುಟೊ ಚಹಾ ಮಾಡಿದ. ಹೊರಕೋಣೆಯ ನಡುವೆ ನಿಂತು, “ಕೆರುಬೊ, ಅಮ್ಮಂಗೆ ಒಳಗೆ ಕೊಡು,” ಎಂದು ಲೋಟ ನೀಡಿದ. ಅವಳು ತೆಗೆದುಕೊಂಡು ಹೋದಳು. ಒಳ್ಳೆಯ ಸ್ಕರ್ಟು, ಹೊಸದಾಗಿ ಹೆಣೆಸಿದ ಜಡೆಗಳು. ಸರಕಾರಿ ಹೈಸ್ಕೂಲಿನಲ್ಲಿ ಹೊಸ ಟೀಚರು.

“ಆ ನಂಬರು ನಿಂದೇನಾ?” ಎಂದು ಬೊಸಿಬೊರಿ ಅಮ್ಮ ನ್ಯಾಬುಟೊನನ್ನು ಕೇಳಿದರು.

“ನನ್ನ ಗುರುತಿನ ಚೀಟಿ ಕೊಟ್ಟು ಕೊಂಡಿದ್ದು. ತಂಗಿಗೆ. ಆಗ ಅವಳಿಗಿನ್ನೂ ಚೀಟಿ ಬಂದಿರಲಿಲ್ಲ.”

“ಆಮೇಲೆ ಆ ಸಿಮ್ ಏನಾಯ್ತು?”

ಕೆರುಬೊ ಒಳಗಿನಿಂದ ಬಂದವಳೇ ಉತ್ತರಿಸಿದಳು. “ಕಳೆದುಹೋಯ್ತಮ್ಮ. ರಜೆಗೆ ಬಂದಾಗ, ಇಲ್ಲೇ. ಆಗಲೇ ನಾನು ನನ್ನ ಹೆಸರಲ್ಲಿ ಬೇರೆ ಕೊಂಡೆ.”

“ಅರ್ಜೀಲಿ ಹಳೇ ನಂಬರೇ ಇತ್ತಾ?”

“ಇತ್ತು. ಆದರೆ ಅರ್ಜಿ ಬಿದ್ದುಹೋಯ್ತು ಅಂತ ಮೆಸೇಜು ಬಂತು. ನಾನು ಅತ್ತೆ, ಬಿಟ್ಟೆ.”

“ಹಾಗಾದ್ರೆ ಫೀಸು?”

“ಅಣ್ಣ ಕಳಿಸ್ತಿದ್ದ.”

“ಯೂನಿವರ್ಸಿಟಿಗಾ, ನಿನಗಾ?”

“ನನಗೆ. ನಾನೇ ಪ್ರತಿ ಸಲ ಬ್ಯಾಂಕಿಗೆ ಹೋಗಿ ಪೂರ್ತಿ ಕಟ್ಟಿದ್ದೀನಿ. ಒಂದು ಶಿಲಿಂಗೂ ಬಾಕಿ ಇಟ್ಟಿಲ್ಲ.” ಕಣ್ಣೊರೆಸಿಕೊಂಡಳು. “ಅಣ್ಣ ಹೀಗೆ ಮಾಡಿರ್ತಾನೆ ಅಂತ ನಂಬೋಕಾಗಲ್ಲಮ್ಮ. ಕಷ್ಟ ಇತ್ತೇನೋ... ನನ್ನ ಕೇಳಿದ್ರೆ ನಾನೇ ಕೊಡ್ತಿರಲಿಲ್ವಾ?”

ನ್ಯಾಬುಟೊ ಅವಳನ್ನೇ ನೋಡುತ್ತಿದ್ದ. ಅಂಗೈಯ ಬಿರುಕುಗಳಲ್ಲಿ ಕಲ್ಲಿನ ಪುಡಿ ಗಟ್ಟಿಯಾಗಿ ಕೂತಿತ್ತು.

“ನಾನು ತಗೊಂಡಿಲ್ಲ ಕೆರುಬೊ,” ಎಂದ.

“ಆಯ್ತಣ್ಣ,” ಎಂದಳು. ಹುಚ್ಚನಿಗೆ ಹೇಳುವ ಹಾಗೆ.

ಭಾನುವಾರ ಚರ್ಚು ಬಿಟ್ಟ ಮೇಲೆ ಅದೇ ಅಂಗಳದಲ್ಲಿ ಸೇರಿದೆವು. ಗಣಿ ಜಾಗ ಕೊಳ್ಳುವವನನ್ನೂ ಒಗೆಟೊ ಕರೆತಂದಿದ್ದ. ಎಂಥ ಆತುರ! ಆ ಮನುಷ್ಯ ಬಾಳೆಗಿಡದ ಕೆಳಗೆ ಕೂತು ಕಬ್ಬು ಅಗಿಯುತ್ತಿದ್ದ. ತಾಯಿಯನ್ನು ಕುರ್ಚಿಯಲ್ಲಿ ಹೊರಗೆ ತಂದು ಕೂರಿಸಿದ್ದರು.

“ಇನ್ನು ಪತ್ತೆಗಿತ್ತೆ ಸಾಕು!” ಒಗೆಟೊ ಜೇಬಿನಿಂದ ಸಣ್ಣ ಪೊಟ್ಟಣ ತೆಗೆದ. “ಇಗೋ, ಸಿಮ್! ನನ್ನ ಫೋನಿಗೆ ಹಾಕಿ ನೋಡಿದೀನಿ, ಅದೇ ನಂಬರು. ನಿನ್ನೆ ಸಿಕ್ಕಿತು. ಎಲ್ಲಿ ಗೊತ್ತಾ? ಈ ಕಳ್ಳನ ಮನೇಲೇ!”

ಜನ ಗುಸುಗುಸು ಎಂದರು.

“ಮನೇಲಿ ಅಂದ್ರೆ, ಅವನ ಗುಡಿಸಲಲ್ಲಾ?” ಬೊಸಿಬೊರಿ ಅಮ್ಮನ ದನಿ ಮೆತ್ತಗಿತ್ತು.

“ಅಲ್ಲ, ತಾಯಿ ಮನೇಲಿ.”

“ಹೊರಕೋಣೇಲಾ?”

“ಒಳಗೆ. ಮಂಚದ ಮೇಲೆ ತೊಲೆಯ ಸಂದೀಲಿ. ಬಟ್ಟೆ ಸುತ್ತಿ ತುರುಕಿದ್ದ.”

“ನೀವೇ ಹತ್ತಿ ತೆಗೆದ್ರಾ?”

“ಛೆ, ಏನ್ ಮಾತು ಅಂತ ಆಡ್ತೀರಿ! ಅತ್ತಿಗೆ ಮಲಗೋ ಜಾಗಕ್ಕೆ ನಾನು ಕಾಲಿಡ್ತೀನಾ? ನನ್ನ ಹೆಂಡತಿ ಹೋಗಿ —”

ಒಗೆಟೊ ಮಾತು ತಟ್ಟನೆ ನಿಲ್ಲಿಸಿದ.

“ಹೇಳಿ ಮೇಷ್ಟ್ರೇ. ನೀವು ಕಾಲಿಡಲ್ಲ. ಇವನು ಇಡ್ತಾನಾ? ಸುನ್ನತಿಯಾಗಿ ಗಂಡಸು ಅನಿಸಿಕೊಂಡ ಮಗ, ತಾಯಿ ಮಲಗೋ ಕೋಣೆಗೆ ಹೋಗೋ ಹಾಗಿಲ್ಲ. ತಾಯಿಗೆ ಚಹಾ ಕೊಡೋಕೂ ತಂಗೀನ ಕರೀತಾನೆ. ನಾನೇ ನೋಡಿದೆ. ಮನೆಗೆ ಬೆಂಕಿ ಬಿದ್ದರೂ ನಮ್ಮ ಗಂಡುಮಕ್ಕಳು ಆ ಬಾಗಿಲಾಚೆ ನಿಂತೇ ಕೂಗೋದು. ಅಂಥವನು ತಾಯಿ ಮಂಚ ಹತ್ತಿ ತೊಲೆ ತಡಕಿದನಾ? ಊರಲ್ಲಿ ಯಾರಾದ್ರೂ ನಂಬ್ತೀರಾ?”

ಕಬ್ಬು ಅಗಿಯುತ್ತಿದ್ದವನು ಅಗಿಯುವುದು ನಿಲ್ಲಿಸಿದ. ನಮ್ಮೂರಿನ ಕೂಸಿಗೂ ಗೊತ್ತಿರುವ ಮಾತು. ಸಿಟ್ಟಿನಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ನನಗೂ.

“ಆ ಕೋಣೇಲಿ ಮಲಗೋರು ಇಬ್ಬರೇ,” ಎಂದರು ಬೊಸಿಬೊರಿ ಅಮ್ಮ. “ತಾಯಿ. ರಜೆಗೆ ಬಂದ ಮಗಳು.”

ಕೆರುಬೊ ಎದ್ದು ನಿಂತಳು. “ಅಮ್ಮ ಎತ್ತಿಟ್ಟಿರಬೇಕು! ನೆಲದ ಮೇಲೆ ಸಿಕ್ಕಿತ್ತೇನೋ... ಯಾರಿಗಾದ್ರೂ ಕೊಟ್ಟು ದುಡ್ಡು ತೆಗೆಸಿರಬೇಕು. ಅಮ್ಮಂಗೆ ಯಾರೋ ಹೇಳಿಕೊಟ್ಟಿರಬೇಕು!”

ತಾಯಿ ಮಗಳನ್ನು ನೋಡಿದಳು.

“ಕೂತ್ಕೋ ಮಗು,” ಎಂದರು ಬೊಸಿಬೊರಿ ಅಮ್ಮ. “ಸಿಮ್ ಬಿಟ್ಟುಬಿಡು. ಫೀಸಿಗೆ ಬಾ. ನನ್ನ ಮಗ ಇದೇ ಸಾಲದಲ್ಲಿ ಓದಿದ. ಈ ಸಾಲ ಎರಡು ಭಾಗವಾಗಿ ಬರುತ್ತೆ. ಊಟ, ಬಾಡಿಗೆ, ಪುಸ್ತಕಕ್ಕೆ ಅಂತ ಚಿಕ್ಕ ಭಾಗ ಹುಡುಗರ ಕೈಗೆ. ದೊಡ್ಡ ಭಾಗ, ಅಂದ್ರೆ ಫೀಸು, ಸರಕಾರದಿಂದ ನೇರವಾಗಿ ಯೂನಿವರ್ಸಿಟಿಗೆ. ಅದನ್ನ ಕಳ್ಳ ಮುಟ್ಟೋಕಾಗಲ್ಲ. ಅಣ್ಣನೂ ಮುಟ್ಟೋಕಾಗಲ್ಲ, ಅಮ್ಮನೂ ಮುಟ್ಟೋಕಾಗಲ್ಲ. ಫೋನಿಗೆ ಬೀಳೋದೇ ಇಲ್ಲ!”

ಒಗೆಟೊ ಕಣ್ಣು ಕಿರಿದು ಮಾಡಿದ. “ಅಂದ್ರೆ...?”

“ಅಂದ್ರೆ, ಸಾಲ ಮಂಜೂರಾಗಿದ್ರೆ ಇವಳ ಫೀಸು ಮೊದಲ ಸಾರಿಯಿಂದಲೇ ಕಟ್ಟಿಯಾಗಿತ್ತು. ಹಾಗಿದ್ರೆ ಇವಳು ‘ಪ್ರತಿ ಸಲ ಪೂರ್ತಿ ಕಟ್ಟಿದೆ’ ಅಂದದ್ದು ಯಾವ ಫೀಸು? ಒಂದೇ ಓದಿಗೆ ಎರಡೆರಡು ಸಲ ಫೀಸು ಯಾವ ಯೂನಿವರ್ಸಿಟಿ ತಗೊಳ್ಳುತ್ತೆ? ಕಟ್ಟೋಕೆ ಹೋದವಳಿಗೆ ‘ನಿಂದು ಬಂದಿದೆ, ಹೋಗಮ್ಮ’ ಅಂತ ಒಂದು ದಿನವೂ ಯಾರೂ ಹೇಳಲಿಲ್ವಾ?” ಅವರು ಕೆರುಬೊ ಕಡೆ ತಿರುಗಿದರು. “ನೀನು ಬ್ಯಾಂಕಿಗೆ ಹೋಗಿಲ್ಲ. ಒಂದು ಸಲವೂ ಹೋಗಿಲ್ಲ. ಹೇಳು, ಈ ನಿನ್ನ ಅಣ್ಣ ಕಲ್ಲು ಕೆತ್ತಿ ಕಳಿಸಿದ ದುಡ್ಡು ಎಲ್ಲಿ ಹೋಯ್ತು?”

ಕೆರುಬೊ ಸ್ಕರ್ಟಿನ ನೆರಿಗೆ ಸರಿಮಾಡಿಕೊಂಡಳು.

“ಎಲ್ಲಿ ಹೋಯ್ತು ಕೆರುಬೊ?” ಈ ಸಲ ಕೇಳಿದವನು ನ್ಯಾಬುಟೊ.

“ಖರ್ಚಾಯ್ತು.”

“ಯಾತಕ್ಕೆ?”

“ಯಾತಕ್ಕೆ ಅಂದ್ರೆ? ಆ ಹಾಸ್ಟೆಲ್ ಕೋಣೇಲಿ ಎಂಟು ಜನ, ಒಂದೇ ಬಲ್ಬು! ಹೊರಗೆ ಮನೆ ಮಾಡಿದೆ. ನಾಲ್ಕು ಬಟ್ಟೆ ಬೇಡ್ವಾ? ಎಲ್ಲರ ಮುಂದೆ ಮನುಷ್ಯರ ಹಾಗೆ ಓಡಾಡಬೇಡ್ವಾ? ಮೈಮೇಲೆ ಕಲ್ಲಿನ ಧೂಳು ಹೊತ್ತು ಬಂದವಳು ಅಂತ ನನ್ನ ನೋಡಿ ನಗ್ತಿದ್ರು.” ಅವಳ ಅಳು ನಿಂತಿತ್ತು. “ಸಾಲ ಸಿಕ್ಕಿದೆ ಅಂದಿದ್ರೆ ನೀನು ಕಳಿಸೋದು ನಿಲ್ಲಿಸ್ತಿದ್ದೆ.”

“ನಾನು ಶಾಲೆಗೆ ವಾಪಸ್ ಹೋಗ್ತಿದ್ದೆ,” ಎಂದ ನ್ಯಾಬುಟೊ. “ನಮ್ಮ ಹೈಸ್ಕೂಲಿನ ಹೆಡ್‌ಮಾಸ್ಟ್ರು ಜಾಗ ಇಟ್ಟಿರ್ತೀನಿ ಅಂದಿದ್ರು. ನಿನಗೂ ಗೊತ್ತಿತ್ತು.”

“ಹೋಗಿ ಏನಾಗ್ತಿದ್ದೆ? ಗಣಿತದಲ್ಲಿ ಯಾವತ್ತು ಪಾಸಾಗಿದ್ದೆ ನೀನು?”

ಯಾರೋ ಹೆಂಗಸು “ಅಯ್ಯೋ” ಎಂದಳು. ನಾನು ಎದ್ದೆ. ಬೊಸಿಬೊರಿ ಅಮ್ಮ ನನ್ನ ಅಂಗಿ ಹಿಡಿದು ಕೂರಿಸಿದರು.

“ಕದ್ದವಳು ಇವಳೇ,” ಎಂದರು ಒಗೆಟೊಗೆ. “ಸರಕಾರದ ದುಡ್ಡಲ್ಲ. ಅದು ಇವಳದೇ ಸಾಲ, ಇವಳೇ ತೀರಿಸಬೇಕು. ಕದ್ದದ್ದು ಈ ಹುಡುಗನ ದುಡ್ಡು. ಈಗ, ಎಲ್ಲರ ಮುಂದೆ ಬೈದವರು ಎಲ್ಲರ ಮುಂದೆ ಏನು ಹೇಳ್ತೀರೋ ಹೇಳಿ.”

ಒಗೆಟೊ ಟೋಪಿ ತೆಗೆದ. ತಲೆ ಕೆರೆದುಕೊಂಡ. ಜಾಗ ಕೊಳ್ಳಲು ಬಂದವನಿಗೆ ಹೋಗೆಂದು ಕೈಸನ್ನೆ ಮಾಡಿದ. ಈಗ ಕ್ಷಮೆ ಕೇಳುತ್ತಾನೆ ಎಂದುಕೊಂಡೆ. ಎಂಥ ದಡ್ಡ ನಾನು!

“ನೋಡು ನ್ಯಾಬುಟೊ,” ಎಂದ. ದನಿ ಬೆಣ್ಣೆಯಾಗಿತ್ತು. “ಆಗಿದ್ದು ಆಯ್ತು. ಸ್ವಲ್ಪ ಯೋಚನೆ ಮಾಡು. ಇವಳು ಕಚೇರಿಗೆ ದೂರು ಕೊಟ್ಟಾಗಿದೆ. ಅದು ಸುಳ್ಳು ಅಂತ ಗೊತ್ತಾದ್ರೆ ಇವಳ ಕೆಲಸ ಹೋಗುತ್ತೆ. ಇವಳ ಸಂಬಳ ಇಲ್ಲ ಅಂದ್ರೆ ಸಾಲಕ್ಕೆ ನನ್ನ ಸಂಬಳಾನೇ ಕತ್ತರಿಸ್ತಾ ಇರ್ತಾರೆ. ನೀನೇ ತಗೊಂಡೆ ಅಂತ ಒಂದು ಮಾತು ಹೇಳಿಬಿಡು. ಸಿಮ್ ಹೇಗೂ ನಿನ್ನ ಹೆಸರಲ್ಲೇ ಇದೆ. ಜಾಗ ಮಾರೋದು ಬೇಡ, ಇವಳು ನಿಧಾನಕ್ಕೆ ತೀರಿಸ್ತಾಳೆ. ಬಹಳ ಅಂದ್ರೆ ಕೆಲವು ತಿಂಗಳು ಒಳಗಿರ್ತೀಯ. ನಿನಗೆ ಕಳಕೊಳ್ಳೋಕೆ ಕೆಲಸವಾ, ಸರ್ಟಿಫಿಕೇಟಾ?”

“ಅಣ್ಣಾ,” ಎಂದಳು ಕೆರುಬೊ. “ಇಷ್ಟು ಮಾಡಿದೀಯ. ಇದೊಂದು.”

ನ್ಯಾಬುಟೊ ತಾಯಿಯ ಕಡೆ ನೋಡಿದ. ಮಗಳು ಈಗಷ್ಟೇ ಕಳ್ಳಿ ಎಂದು ಬೆರಳು ತೋರಿಸಿದ್ದ ತಾಯಿ.

“ಅವಳು ಓದಿದವಳು ಕಣೋ ಮಗನೇ,” ಎಂದಳು ತಾಯಿ. “ನೀನು ತಡ್ಕೋತೀಯ.”

ನ್ಯಾಬುಟೊ ಬಾಗಿ ತನ್ನ ಗುಡಿಸಲ ಬಾಗಿಲಲ್ಲಿದ್ದ ಉಳಿ, ಅರ, ಕಿವಿ ಮುರಿದ ನೀರಾನೆ ಚೀಲಕ್ಕೆ ಹಾಕಿಕೊಂಡ. ಒಮ್ಮೆ ಕೆಮ್ಮಿದ.

“ಏನಂತೀಯೋ?” ಒಗೆಟೊ ಕೂಗಿದ. “ನಿನ್ನನ್ನೇ ಕೇಳ್ತಿರೋದು! ಹೇಳ್ತೀಯಾ, ಇಲ್ವಾ?”

ಅವನು ಇಲ್ಲವೆಂದು ತಲೆಯಲ್ಲಾಡಿಸಿ, ಚೀಲ ಹೆಗಲಿಗೇರಿಸಿ, ಬಾಳೆಗಿಡಗಳ ನಡುವಿನ ದಾರಿ ಹಿಡಿದು ರಸ್ತೆಯ ಕಡೆ ನಡೆದ. ತಿರುಗಿ ನೋಡಲಿಲ್ಲ.