ಎರಡನೇ ಟ್ಯಾಂಕಿನ ಬೀಗ

ಇಪ್ಪತ್ತೆರಡು ವರ್ಷ ಒಬ್ಬರ ಬೆನ್ನಿಗೆ ನಿಂತು ದುಡಿದವನಿಗೆ ಕೊನೆಯಲ್ಲಿ ಸಿಕ್ಕ ಬಹುಮಾನ ಏನು ಗೊತ್ತೇ? ಅವರ ಅಳಿಯನಿಗೆ ಕೆಲಸ ಕಲಿಸುವ ಭಾಗ್ಯ. ಯಜಮಾನರು ಅದನ್ನು ಹೇಳಿದ್ದೂ ಟೀ ಹೀರುತ್ತಲೇ, ಕಪ್ಪನ್ನು ಕೆಳಗಿಡುವಷ್ಟು ಮರ್ಯಾದೆಯನ್ನೂ ಆ ಮಾತಿಗೆ ಕೊಡದೆ.

"ನಾಳೆಯಿಂದ ಅಳಿಯಂದ್ರು ಬರ್ತಾರೆ ಕಣಯ್ಯ. ಕೋಲು ಹಿಡಿಯೋದ್ರಿಂದ ಶುರು ಮಾಡಿ ಎಲ್ಲಾ ಹೇಳ್ಕೊಡು. ಏನೂ ಮುಚ್ಚಿಡಬೇಡ."

"ಆಯ್ತು ಯಜಮಾನ್ರೇ," ಎಂದ ಕೋಲಣ್ಣ. ಇಷ್ಟು ವರ್ಷದಲ್ಲಿ ಅವನು ಅವರಿಗೆ ಬೇರೆ ಉತ್ತರ ಕೊಟ್ಟದ್ದೇ ಇಲ್ಲ.

ಅವನು ಆ ಪೆಟ್ರೋಲ್ ಬಂಕಿನ ಮ್ಯಾನೇಜರ್. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಬಂಕಿಗೆ ಬರುವವರಿಗೆಲ್ಲ ಅವನು ಕೋಲಣ್ಣ. ದಿನಾ ಬೆಳಿಗ್ಗೆ ಆರಕ್ಕೆ ನೆಲದಡಿಯ ಟ್ಯಾಂಕಿನ ಮುಚ್ಚಳ ತೆಗೆದು, ಹಿತ್ತಾಳೆಯ ಅಳತೆಕೋಲನ್ನು ತಳ ಮುಟ್ಟುವವರೆಗೆ ಇಳಿಸಿ, ಮೇಲೆತ್ತಿ, ಎಲ್ಲಿಯವರೆಗೆ ಒದ್ದೆಯಾಗಿದೆ ಎಂದು ನೋಡಿ, ಒಳಗೆ ಎಷ್ಟು ಲೀಟರ್ ಇದೆ ಎಂದು ರಿಜಿಸ್ಟರಿನಲ್ಲಿ ಬರೆಯುವುದು ಅವನ ಕೆಲಸ. ಬರೆದ ಸಾಲಿನ ಕೊನೆಯಲ್ಲಿ ಪೆನ್ಸಿಲ್ಲಿನಿಂದ ಸಣ್ಣ ಇಂಟು ಗುರುತು ಹಾಕುತ್ತಿದ್ದ. ಯಜಮಾನರು ಅಲ್ಲಿ ಸಹಿ ಮಾಡುತ್ತಿದ್ದರು. ಒಂದು ದಿನವೂ ಓದಿದವರಲ್ಲ. "ನೀನು ಬರೆದದ್ದನ್ನ ನಾನು ಓದೋದಾ? ಇಂಟು ಎಲ್ಲಿದೆ, ಅದನ್ನ ತೋರ್ಸು," ಎನ್ನುತ್ತಿದ್ದರು.

ಅವನೂ ಹಾಗೆಯೇ. ಯಜಮಾನರು ಯಾವುದಾದರೂ ಕಾಗದಕ್ಕೆ ಇಂಟು ಹಾಕಿ ಮುಂದಿಟ್ಟರೆ ಕಣ್ಣುಮುಚ್ಚಿ ಸಹಿ ಹಾಕುತ್ತಿದ್ದ. ಎರಡು ತಿಂಗಳ ಹಿಂದೆ ಕೂಡ ಒಂದು ಕಟ್ಟು ಕಾಗದಕ್ಕೆ, ಕಂಕುಳಲ್ಲಿ ಕೋಲು ಸಿಕ್ಕಿಸಿಕೊಂಡು, ನಿಂತಲ್ಲೇ ಆರು ಸಹಿ ಹಾಕಿದ್ದ. ಎರಡು ಫೋಟೋ ಬೇಕೆಂದರು, ತೆಗೆಸಿಕೊಟ್ಟ. ಫೋಟೋದವನ ಅವಸರದಲ್ಲಿ ಕಾಲರಿನ ಒಂದು ತುದಿ ಎದ್ದು ನಿಂತಿತ್ತು. "ಏನ್ರೀ ಇದು, ಒಂದು ಕಿವಿ ಎತ್ತಿದ ಮೊಲದ ಹಾಗೆ ಕಾಣ್ತೀರ," ಎಂದು ಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಯಾತಕ್ಕೆ ಫೋಟೋ ಎಂದು ಅವಳೂ ಕೇಳಲಿಲ್ಲ, ಅವನೂ ಕೇಳಿರಲಿಲ್ಲ. ಇಂಥ ನಂಬಿಕೆಗೆ ಇಂಥ ಪ್ರತಿಫಲ!

ಐದು ವರ್ಷದ ಹಿಂದೆ ಎದೆಯ ಆಪರೇಷನ್ ಆದಾಗ ಯಜಮಾನರು ಆಸ್ಪತ್ರೆಯ ಮಂಚದಿಂದ ಅವನ ಕೈ ಹಿಡಿದು, "ನನ್ನ ನಂತರ ಈ ಬಂಕು ನಿಂದೇ ಕಣಯ್ಯ," ಎಂದಿದ್ದರು. ಆಮೇಲೆ ಒಂದೆರಡು ಸಲ ಅವನೇ ನಾಚಿಕೆ ಬಿಟ್ಟು ಆ ಮಾತಿನ ಬಾಲ ಹಿಡಿಯಲು ಹೋದ. "ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸಬಾರದು," ಎಂದು ಹಾರಿಸಿಬಿಟ್ಟರು. ಆ ಗಾದೆ ಅವರ ನಾಲಗೆಯ ತುದಿಯಲ್ಲೇ ಇರುತ್ತಿತ್ತು. ಈಗ ಕುಲಾವಿ ಯಾರ ತಲೆಗೆ ಎಂದು ತಿಳಿಯಿತು.

ಅಳಿಯ ಬಂದ. ಕೆಲಸ ಮಾಡುತ್ತಿದ್ದ ಕಂಪನಿ ಮುಚ್ಚಿ ಒಂದು ವರ್ಷ ಮನೆಯಲ್ಲಿ ಕೂತಿದ್ದವನು. ಕೋಲನ್ನು ತಲೆಕೆಳಗು ಹಿಡಿಯುತ್ತಿದ್ದ. ನೀರು ಪತ್ತೆ ಮಾಡುವ ಪೇಸ್ಟನ್ನು ಕೋಲಿಗಿಂತ ಹೆಚ್ಚಾಗಿ ಅಂಗಿಗೆ ಬಳಿದುಕೊಳ್ಳುತ್ತಿದ್ದ. "ಸಾರ್, ಸಾರ್," ಎಂದು ಕೋಲಣ್ಣನ ಹಿಂದೆಯೇ ಸುತ್ತುತ್ತಿದ್ದ. ಆ 'ಸಾರ್' ಎಂಬ ಮಾತು ಗಾಯಕ್ಕೆ ಉಪ್ಪು ಸವರಿದ ಹಾಗಿತ್ತು. ನಾಳೆ ಇವನೇ ತನ್ನ ಕುರ್ಚಿಯಲ್ಲಿ ಕೂತು ತನಗೆ ರಜೆ ಮಂಜೂರು ಮಾಡುತ್ತಾನೆ ಎಂದು ನೆನೆಯುತ್ತಲೇ ಕೋಲಣ್ಣ ಅವನ ಕೈಯ ಕೋಲನ್ನು ತಿರುಗಿಸಿ ನೆಟ್ಟಗೆ ಹಿಡಿಸಿದ.

ಅಷ್ಟರಲ್ಲಿ ದೂರದ ಯಾವುದೋ ಸಮುದ್ರದ ಇಕ್ಕಟ್ಟಿನ ದಾರಿಯಲ್ಲಿ ತೈಲದ ಹಡಗುಗಳು ನಿಂತುಹೋದವು. ದೇಶದಲ್ಲಿ ಇನ್ನು ಎಷ್ಟು ದಿನಕ್ಕಾಗುವಷ್ಟು ಪೆಟ್ರೋಲ್ ಉಳಿದಿದೆ ಎಂದು ಟಿವಿಯವರು ಪರದೆಯ ಮೂಲೆಯಲ್ಲಿ ಅಂಕಿ ಹಾಕಿ ದಿನಾ ಒಂದೊಂದು ಕಳೆಯತೊಡಗಿದರು. ಭಾನುವಾರ ಮಂತ್ರಿಗಳು, "ಸಾಕಷ್ಟು ದಾಸ್ತಾನಿದೆ, ಯಾರೂ ಗಾಬರಿಯಾಗಬೇಕಿಲ್ಲ," ಎಂದರು. ಅಷ್ಟು ಸಾಕಾಯಿತು. ಊರಿಗೆ ಊರೇ ಗಾಬರಿಯಿಂದ ಬಂಕಿನ ಮುಂದೆ ಬಂದು ನಿಂತಿತು.

ಏನು ಜನ, ಏನು ಜನ! ನೀರಿನ ಕ್ಯಾನು ಹಿಡಿದವರು, ಗಿಡಕ್ಕೆ ನೀರು ಹಾಕುವ ಝಾರಿ ಹಿಡಿದವರು. ನಿವೃತ್ತ ಮೇಷ್ಟ್ರೊಬ್ಬರು ಬೆಳಿಗ್ಗೆ ಟ್ಯಾಂಕು ತುಂಬಿಸಿಕೊಂಡು ಹೋಗಿ, ಮಧ್ಯಾಹ್ನ ಮತ್ತೆ ಸಾಲಿನಲ್ಲಿ ನಿಂತು, ಕಾಲು ಲೀಟರ್ ಹಿಡಿಸಿಕೊಂಡು ಗೆದ್ದವರ ಹಾಗೆ ಹೋದರು. ಅಷ್ಟು ಪೆಟ್ರೋಲ್ ಸಾಲಿನಲ್ಲಿ ನಿಲ್ಲುವುದಕ್ಕೇ ಖರ್ಚಾಗಿತ್ತು.

ಸೋಮವಾರ ಸರ್ಕಾರದ ಆದೇಶ ಪತ್ರಿಕೆಯಲ್ಲಿ ಬಂತು. ಸುಳ್ಳು ಕಾರಣ ಹೇಳಿ ಇಂಧನ ಬಚ್ಚಿಟ್ಟ ಬಂಕಿನ ಪರವಾನಗಿ ರದ್ದು, ಪರವಾನಗಿದಾರನಿಗೆ ಜಾಮೀನಿಲ್ಲದ ಜೈಲು. ಕೋಲಣ್ಣ ಅದನ್ನು ಕತ್ತರಿಸಿಟ್ಟುಕೊಂಡ. ಒಂದು ವಾಕ್ಯಕ್ಕೆ ಕೆಂಪು ಗೆರೆ ಎಳೆದ: 'ಕೃತ್ಯ ಯಾರದೇ ಆಗಿರಲಿ, ಗೊತ್ತಿದ್ದೋ ಗೊತ್ತಿಲ್ಲದೆಯೋ ಆಗಿರಲಿ, ಪರವಾನಗಿದಾರನೇ ಹೊಣೆ.' ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಳ್ಳುವ ಪೈಕಿ ಅಲ್ಲ ಅವನು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುತ್ತಾರೆ ತಿಳಿದವರು. ಕೋಲಣ್ಣನಿಗೆ ಹಾವು ಸಾಯಲೇಬೇಕಿತ್ತು. ಕೋಲು ಮಾತ್ರ ಮುರಿಯಬಾರದಿತ್ತು.

ಯೋಜನೆ ಸರಳವಾಗಿತ್ತು. ಬಂಕಿನಲ್ಲಿ ಪೆಟ್ರೋಲಿನ ಟ್ಯಾಂಕು ಎರಡು. ಮಂಗಳವಾರ ಬೆಳಗಿನ ಜಾವ ಬಂದ ಲೋಡನ್ನು ಅವನು ಎರಡನೇ ಟ್ಯಾಂಕಿಗೆ ಇಳಿಸಿಕೊಂಡ, ಹನ್ನೆರಡು ಸಾವಿರ ಲೀಟರ್. ಕೋಲಿನ ತುದಿಗೆ ಬಳಿಯುವ ಹಳದಿ ಪೇಸ್ಟು ಪೆಟ್ರೋಲ್ ತಾಗಿದರೆ ಹಾಗೆಯೇ ಇರುತ್ತದೆ, ನೀರು ತಾಗಿದರೆ ಕೆಂಪಾಗುತ್ತದೆ. ಟ್ಯಾಂಕಿಗೆ ನೀರು ಸೇರಿದ್ದರೆ ಒಂದು ಹನಿಯನ್ನೂ ಮಾರುವಂತಿಲ್ಲ. ಕೋಲಣ್ಣ ಪ್ಯಾಂಟಿನ ಜೇಬಿನಲ್ಲಿ ಒಂದು ಒದ್ದೆ ಬಟ್ಟೆ ಇಟ್ಟುಕೊಂಡ. ಕೋಲನ್ನು ಮೇಲೆತ್ತಿ ಒರೆಸುವ ನೆಪದಲ್ಲಿ ತುದಿಗೆ ಬಟ್ಟೆ ತಾಗಿಸಿದ. ಕ್ಷಣದಲ್ಲಿ ಕೆಂಪಾಯಿತು. ಅಳಿಯನಿಗೆ ಮೊದಲು ತೋರಿಸಿದ. ಅವನು ಬಾಯಿ ಬಿಟ್ಟುಕೊಂಡು ನೋಡಿ, ಮಾವನನ್ನು ಕರೆತಂದ.

ಯಜಮಾನರು ಕನ್ನಡಕ ಏರಿಸಿ ಆ ಕೆಂಪನ್ನೇ ನೋಡಿದರು. "ಅಯ್ಯೋ, ಇಂಥ ಹೊತ್ತಲ್ಲೇ ಆಗ್ಬೇಕಿತ್ತಾ ಇದು? ಎಷ್ಟಿದೆಯೋ ನೀರು?"

"ನಾಲ್ಕು ಬೆರಳು. ಮಳೆನೀರು ಇಳಿದಿರಬೇಕು ಯಜಮಾನ್ರೇ. ಕಂಪನಿಯೋರು ಬಂದು ಪಂಪ್ ಮಾಡಿ ತೆಗೀಬೇಕು."

"ತಿಳಿಸಿದೀಯಾ?"

"ತಿಳಿಸಿದೀನಿ." ತಿಳಿಸಿರಲಿಲ್ಲ.

ರಿಜಿಸ್ಟರಿನಲ್ಲಿ 'ಎರಡನೇ ಟ್ಯಾಂಕಿನಲ್ಲಿ ನೀರು, ಮಾರಾಟ ಸ್ಥಗಿತ' ಎಂದು ಬರೆದು, ಮುಂದೆ ಇಂಟು ಹಾಕಿದ. ಯಜಮಾನರು ಸಹಿ ಮಾಡಿದರು. ಓದದೆ ಸಹಿ ಹಾಕುವವನ ಗತಿ ಇಷ್ಟೇ ಎಂದು ಅವನು ಮನಸ್ಸಿನಲ್ಲೇ ನಕ್ಕ. ಮುಚ್ಚಳಕ್ಕೆ ಹೊಸ ಬೀಗ ಜಡಿದು, ಕೀಲಿಯನ್ನು ಯಜಮಾನರ ಮೇಜಿನ ಖಾನೆಗೆ ಹಾಕಿದ.

ಮುಂದಿನದೂ ಲೆಕ್ಕಾಚಾರದ ಪ್ರಕಾರವೇ. ಬುಧವಾರ ಸಂಜೆಯ ಹೊತ್ತಿಗೆ ಮೊದಲನೇ ಟ್ಯಾಂಕು ಬರಿದಾಗುತ್ತದೆ. 'ಸ್ಟಾಕ್ ಇಲ್ಲ' ಎಂಬ ಬೋರ್ಡು ಏಳುತ್ತದೆ. ಎಡಗೈಯಲ್ಲಿ ಬರೆದ ಕಾಗದವೊಂದು ಇಲಾಖೆಯ ದೂರು ಪೆಟ್ಟಿಗೆಗೆ ಬೀಳುತ್ತದೆ: ನೀರಿನ ನೆಪದಲ್ಲಿ ಬಂಕಿನ ಮಾಲೀಕರು ಒಳ್ಳೆ ಪೆಟ್ರೋಲ್ ಬಚ್ಚಿಟ್ಟಿದ್ದಾರೆ, ಬಂದು ಕೋಲಿಳಿಸಿ. ಅಧಿಕಾರಿಗಳು ಬರುತ್ತಾರೆ. ಯಜಮಾನರು ಜೈಲಿಗೆ, ಅಳಿಯ ಮತ್ತೆ ಅತ್ತೆಯ ಸೋಫಾಕ್ಕೆ. ರದ್ದಾದ ಪರವಾನಗಿ ಹೊಸಬರಿಗೆ ಕೊಡುವಾಗ ಅನುಭವಿಗಳಿಗೆ ಮೊದಲ ಮಣೆ. ಆ ಊರಿನಲ್ಲಿ ಅವನಿಗಿಂತ ಅನುಭವಿ ಯಾರಿದ್ದಾರೆ? ಮಾತು ಕೊಟ್ಟು ಮುರಿದವರ ಬಂಕು ಮಾತು ಕೇಳಿದವನ ಕೈಗೆ ಬರುತ್ತದೆ. ಇದು ಮೋಸವಲ್ಲ, ಬಾಕಿ ಉಳಿದಿದ್ದ ನ್ಯಾಯ ಎಂದು ಅವನಿಗೆ ನಿಜವಾಗಿಯೂ ಅನ್ನಿಸಿತ್ತು.

ಬುಧವಾರ ಬೋರ್ಡೂ ಎದ್ದಿತು, ಕಾಗದವೂ ಪೆಟ್ಟಿಗೆಗೆ ಬಿತ್ತು. ಗುರುವಾರ ಮಧ್ಯಾಹ್ನ ಒಂದೇ ಒಂದು ಸಲ ಅವನ ಮನಸ್ಸು ಹಿಂದೇಟು ಹಾಕಿತು. ದರ್ಜಿಯೊಬ್ಬ ಹಳೆಯ ಕಾರು ತಳ್ಳಿಕೊಂಡು ಬಂದ. ಹಿಂದಿನ ಸೀಟಿನಲ್ಲಿ ಅವನ ಹೆಂಡತಿ ಮಲಗಿದ್ದಳು. ಮುಖ ಊದಿತ್ತು.

"ಅಣ್ಣಾ, ವಾರಕ್ಕೆರಡು ಸಲ ಇವಳ ರಕ್ತ ಶುದ್ಧಿ ಮಾಡಿಸ್ಬೇಕು. ಇವತ್ತು ತಪ್ಪಿದ್ರೆ ಕಷ್ಟ. ಎರಡು ಲೀಟರ್ ಸಾಕಣ್ಣಾ, ಕಾಲು ಹಿಡ್ಕೋತೀನಿ."

"ಇಲ್ಲಪ್ಪ. ಇದ್ರೆ ಕೊಡ್ತಿರ್ಲಿಲ್ವಾ?" ಎಂದ ಕೋಲಣ್ಣ. ಅವನು ನಿಂತಿದ್ದದ್ದು ಎರಡನೇ ಟ್ಯಾಂಕಿನ ಮುಚ್ಚಳದ ಮೇಲೆಯೇ.

ಯಜಮಾನರು ಒಳಗಿನಿಂದ ಬಂದರು. "ಏ, ನೀರು ತಳದಲ್ಲಿ ತಾನೇ ಇರೋದು? ಮೇಲಿಂದ ಎರಡು ಲೀಟರ್ ತೆಗೆಯೋಕೆ ಆಗಲ್ವಾ?"

"ಆಸ್ಪತ್ರೆ ದಾರೀಲಿ ಗಾಡಿ ಕೆಟ್ಟು ನಿಂತ್ರೆ ಪಾಪ ನಮ್ಮ ತಲೆಗೆ ಯಜಮಾನ್ರೇ."

ಮುದುಕರು ಅವನ ಮುಖ ನೋಡಿ, ಹೌದೆಂದು ತಲೆಯಾಡಿಸಿದರು. ಆಮೇಲೆ ಒಂದು ಪೈಪು ತರಿಸಿ, ತಮ್ಮ ಕಾರಿನ ಟ್ಯಾಂಕಿಗೆ ಇಳಿಬಿಟ್ಟು, ತಾವೇ ಬಾಯಿಂದ ಎಳೆದು, ಕೆಮ್ಮುತ್ತ, ಉಗುಳುತ್ತ, ಇದ್ದಷ್ಟನ್ನೂ ದರ್ಜಿಯ ಡಬ್ಬಿಗೆ ಬಸಿದುಕೊಟ್ಟರು. ಕಾರು ಹೊರಟ ಮೇಲೆ ಬಾಯಿ ಒರೆಸಿಕೊಳ್ಳುತ್ತ ಕೋಲಣ್ಣನ ಹೆಗಲ ಮೇಲೆ ಕೈಯಿಟ್ಟರು. "ಬೇಜಾರು ಮಾಡ್ಕೋಬೇಡ ಕಣಯ್ಯ. ಇನ್ನೊಂದೆರಡು ದಿನ ಹೇಗೋ ತಳ್ಳು. ಆಮೇಲೆ ನಿನಗೂ ಒಳ್ಳೇದಾಗತ್ತೆ."

ನಾಟಕ, ಎಂದುಕೊಂಡ ಕೋಲಣ್ಣ. ಕೊಟ್ಟ ಮಾತು ನುಂಗಿದ ಬಾಯಿಗೆ ಪೆಟ್ರೋಲಿನ ಕಹಿ ಯಾವ ಲೆಕ್ಕ? ಆದರೆ ಹೆಗಲ ಮೇಲಿನ ಆ ಕೈಯ ಬಿಸಿ ಸಂಜೆಯವರೆಗೂ ಆರಲಿಲ್ಲ.

ಶುಕ್ರವಾರ ಹನ್ನೊಂದು ಗಂಟೆಗೆ ಇಲಾಖೆಯ ಜೀಪು ಬಂತು. ಇಳಿದವರು ಗಿಡ್ಡನೆಯ, ಗಂಭೀರ ಮುಖದ ಮಹಿಳಾ ಅಧಿಕಾರಿ. ಜೊತೆಗೆ ಇಬ್ಬರು ಪೊಲೀಸರು. ತಮ್ಮದೇ ಕೋಲು, ತಮ್ಮದೇ ಪೇಸ್ಟು ತಂದಿದ್ದರು. ಸಾಲಿನಲ್ಲಿ ಸುಮ್ಮನೆ ಆಸೆಗೆ ನಿಂತಿದ್ದ ಜನ ಬೇಲಿಯ ಹಾಗೆ ಸುತ್ತುಗಟ್ಟಿದರು. ಕೀಲಿ ಯಜಮಾನರ ಖಾನೆಯಲ್ಲೇ ಸಿಕ್ಕಿತು. ಕೋಲು ಇಳಿಯಿತು, ಮೇಲೆದ್ದಿತು. ಎದೆಯೆತ್ತರಕ್ಕೆ ಒದ್ದೆ. ತುದಿಯ ಪೇಸ್ಟು ಹಳದಿಯೆಂದರೆ ಹಳದಿ.

"ನೀರೆಲ್ಲಿ?" ಎಂದರು ಅಧಿಕಾರಿ.

ಜನ ಹೋ ಎಂದು ಕೂಗಿದರು. ಯಾರೋ ಒಬ್ಬ ಖಾಲಿ ಕ್ಯಾನನ್ನು ಎಸೆದ. ಅದು ಯಜಮಾನರ ಮೊಣಕಾಲಿಗೆ ಬಡಿಯಿತು. ಅವರಿಗೆ ಅದು ಗೊತ್ತಾದಂತೆ ಕಾಣಲಿಲ್ಲ. ಅವರು ಕೋಲಣ್ಣನನ್ನೇ ನೋಡುತ್ತಿದ್ದರು, ಇವನು ಏನೋ ಹೇಳುತ್ತಾನೆ, ಎಲ್ಲ ಸರಿಹೋಗುತ್ತದೆ ಎನ್ನುವ ಹಾಗೆ.

ಕೋಲಣ್ಣ ನಾಲ್ಕು ದಿನದಿಂದ ಬಾಯಿಪಾಠ ಮಾಡಿದ ಮಾತನ್ನು ತಲೆ ತಗ್ಗಿಸಿ ಹೇಳಿದ. "ನಾನು ಕೆಲಸದೋನು ಮೇಡಂ. ಯಜಮಾನ್ರು ಹೇಳಿದ್ದನ್ನ ಬರ್ದಿದೀನಿ. ಸಹಿ ನೋಡಿ, ಅವರದ್ದೇ."

"ನಾನಾ?" ಎಂದರು ಯಜಮಾನರು. ಅಷ್ಟೇ. ಕಪಾಳಕ್ಕೆ ಹೊಡೆಸಿಕೊಂಡ ಮಗುವಿನ ಹಾಗೆ ಅವನನ್ನೊಮ್ಮೆ ನೋಡಿ ರಿಜಿಸ್ಟರನ್ನು ಎಳೆದುಕೊಂಡರು. ಇಪ್ಪತ್ತೆರಡು ವರ್ಷ ಓದದೇ ಇದ್ದ ಪುಟವನ್ನು ಈಗ ಹತ್ತಿರ ಹಿಡಿದುಕೊಂಡು ಓದಿದರು. ಕೋಲಣ್ಣನಿಗೆ ಸಿಗಬೇಕಿದ್ದ ಸಂತೋಷ ಸಿಕ್ಕಿತು, ಅಂದುಕೊಂಡಷ್ಟು ರುಚಿಯಾಗಿರಲಿಲ್ಲ.

"ಹೇಳಿದ್ಯಾರು, ಬರೆದದ್ಯಾರು ಅನ್ನೋದು ಆಮೇಲೆ," ಎಂದರು ಅಧಿಕಾರಿ, ಕಂಕುಳಿನ ಫೈಲು ಬಿಚ್ಚುತ್ತ. "ಹೊಣೆ ಪರವಾನಗಿದಾರರದ್ದು. ಈ ಸೋಮವಾರ ಇಲ್ಲಿನ ಪರವಾನಗಿ ವರ್ಗಾವಣೆ ಆಗಿದೆ. ಆದೇಶ ಇನ್ನೂ ನಿಮಗೆ ಅಂಚೆಯಲ್ಲಿ ತಲುಪಿರಲಿಕ್ಕಿಲ್ಲ."

ಸೋಮವಾರ! ಅಂದರೆ ಆಗಲೇ ಅಳಿಯನ ಹೆಸರಿಗೆ ಮಾಡಿಯೂ ಆಯಿತು! ಕೋಲಣ್ಣ ಒಳಗೊಳಗೇ ಹಲ್ಲು ಕಚ್ಚಿದ. ಮಾವನಲ್ಲದಿದ್ದರೆ ಅಳಿಯ, ಯಾರು ಹೋದರೂ ಆ ಮನೆಯ ದೀಪವೇ ಆರುವುದು. ಯಜಮಾನರ ಮುಖ ಮಾತ್ರ, ಅಷ್ಟು ಜನದ ನಡುವೆ, ಅಂಥ ಹೊತ್ತಿನಲ್ಲಿ, ಒಂದು ಗಳಿಗೆ ಅರಳಿತು. "ಬಂತಾ? ಬಂದೇಬಿಡ್ತಾ?" ಎಂದು ಅವರು ಕೋಲಣ್ಣನ ತೋಳು ಹಿಡಿದರು. ಮರುಕ್ಷಣ ಏನಾಗಿದೆ ಎಂಬುದು ನೆನಪಾಗಿ ಆ ಕೈ ತಾನಾಗಿ ಜಾರಿತು. "ಆದೇಶ ಕೈಗೆ ಬಂದ್ಮೇಲೆ ಹೇಳೋಣ ಅಂತಿದ್ದೆ ಕಣೋ," ಎಂದರು. "ನಿನ್ನ ಕೈಕೆಳಗೆ ನಾಲ್ಕು ಅಕ್ಷರ ಕಲೀಲಿ ಅಂತ ಅಳಿಯನ್ನ ಬಿಟ್ಟೆ."

ಅಧಿಕಾರಿ ಫೈಲನ್ನು ಕೋಲಣ್ಣನ ಕಡೆ ತಿರುಗಿಸಿದರು. ಅರ್ಜಿಯ ಮೂಲೆಗೆ ಅಂಟಿಸಿದ್ದ ಫೋಟೋದಲ್ಲಿ ಕಾಲರಿನ ಒಂದು ತುದಿ ಮೊಲದ ಕಿವಿಯ ಹಾಗೆ ಎದ್ದು ನಿಂತಿತ್ತು. ಕೆಂಪು ಗೆರೆ ಎಳೆದಿದ್ದ ಪತ್ರಿಕೆಯ ತುಂಡು ಅವನ ಜೇಬಿನಲ್ಲೇ, ಈಗ ಒಣಗಿದ್ದ ಆ ಬಟ್ಟೆಯ ಜೊತೆ, ಮುದ್ದೆಯಾಗಿತ್ತು. ಪೊಲೀಸಿನವನು ಅವನ ಮಣಿಕಟ್ಟು ಹಿಡಿದ. ಕೋಲಣ್ಣ ಪುಟ ತಿರುವಿ ನೋಡಿದ, ಆರು ಕಡೆ ಅವನದೇ ಸಹಿ, ಅವಸರದಲ್ಲಿ ನಿಂತಲ್ಲೇ ಗೀಚಿದ್ದು. ಮತ್ತು ಒಂದೊಂದು ಸಹಿಯ ಕೆಳಗೂ, ಅಳಿಸಲು ಯಾರೂ ನೆನಪು ಮಾಡಿಕೊಳ್ಳದ, ಯಜಮಾನರ ನಡುಗುವ ಕೈಯ ಪೆನ್ಸಿಲ್ಲಿನ ಸಣ್ಣ ಇಂಟು ಗುರುತು.