ಶೋ ಗಿಡದ ಪತ್ರೊಡೆ

“ಸಾರ್, ನಿಮ್ಮ ಪತ್ರೊಡೆ ರೆಡಿ! ಬಿಸಿ ಉಂಟು, ಜಾಗ್ರತೆ!”

ಈ ಹೋಟೆಲಿಗೆ ಲವಿಟಾಳೇ ಓನರ್, ಅವಳೇ ಕುಕ್, ಅವಳೇ ಸಪ್ಲೈಯರ್. ಗಿರಾಕಿ ಒಬ್ಬನೇ, ಮೂರು ವರ್ಷದ ತಮ್ಮ ಟ್ರೆವರ್. ಪತ್ರೊಡೆಗೆ ಕೆಸುವಿನ ಎಲೆ ಬೇಕಲ್ಲ? ಟಿವಿ ಪಕ್ಕದ ಕುಂಡದಲ್ಲಿ ಬಿಳಿ ಚುಕ್ಕೆಯ ಶೋ ಗಿಡವಿತ್ತು. ಅದರದೇ ಒಂದು ಎಲೆ ಕಿತ್ತು, ಸುರುಳಿ ಸುತ್ತಿ, ಆಟದ ತಟ್ಟೆಯಲ್ಲಿ ಇಟ್ಟಳು.

ಗಿರಾಕಿಗೆ ಅದು ಆಟ ಎಂದು ಗೊತ್ತಿದ್ದರೆ ತಾನೆ! ಅಗಲವಾಗಿ ಬಾಯಿ ತೆರೆದು ಕಚಕ್ಕನೆ ಕಚ್ಚಿದ. ಮರುಕ್ಷಣ ಮನೆಯೇ ಹಾರಿಹೋಗುವ ಹಾಗೆ ಕಿರುಚಿದ.

ಮಮ್ಮಿ ಅಡುಗೆಮನೆಯಿಂದ ಓಡಿಬಂದರು. ಟ್ರೆವರನ ಬಾಯಿಂದ ಜೊಲ್ಲು ಸುರಿಯುತ್ತಿತ್ತು. ತುಟಿ ಕೆಂಪಾಗಿ ಊದುತ್ತಿತ್ತು.

“ಅಯ್ಯೋ ದೇವರೇ, ಊಟದ ಬಂಗುಡೆ ಮೀನಿನ ಮುಳ್ಳು ಸಿಕ್ಕಿಕೊಂಡಿರಬೇಕು!” ಮಮ್ಮಿ ಅನ್ನದ ದೊಡ್ಡ ಉಂಡೆ ಕಟ್ಟಿ ತಂದರು. “ನುಂಗು ಮಗಾ, ಅಗಿಯಬೇಡ. ಮುಳ್ಳು ಕೆಳಗೆ ಹೋಗ್ತದೆ.”

ಕಚ್ಚಿದ ಎಲೆ ಲವಿಟಾಳ ಕೈಯಲ್ಲಿತ್ತು, ಕೈ ಬೆನ್ನ ಹಿಂದೆ ಇತ್ತು. ಆ ಗಿಡವೆಂದರೆ ಮಮ್ಮಿಗೆ ಪ್ರಾಣ. ಹೇಳಿದರೆ ಬೈಗುಳ ಗ್ಯಾರಂಟಿ. ಆದರೆ ಟ್ರೆವರ್ ಉಗುಳು ನುಂಗಲೂ ಒದ್ದಾಡುತ್ತಿದ್ದ. ಉಂಡೆ ಅವನ ತುಟಿಯ ಹತ್ತಿರ ಬಂದೇಬಿಟ್ಟಿತು.

“ಮಮ್ಮಿ, ಬೇಡ! ಅದು ಮುಳ್ಳಲ್ಲ!” ಲವಿಟಾ ಎಲೆಯನ್ನು ಮುಂದೆ ಚಾಚಿದಳು. “ಇದು. ನಾನೇ ಕೊಟ್ಟದ್ದು.”

ಬೈಯಲಿಕ್ಕೆ ಮಮ್ಮಿಗೆ ಪುರುಸೊತ್ತೆಲ್ಲಿ? ತಮ್ಮನ ಬಾಯಿ ಒರೆಸಿ, ಎತ್ತಿಕೊಂಡು ಹೊರಗೆ ಓಡಿದರು. ಪಕ್ಕದ ಮನೆಯ ಸಿಲ್ವೆಸ್ಟರ್ ಅಂಕಲ್ ರಿಕ್ಷಾ ಸ್ಟಾರ್ಟ್ ಮಾಡಿಯೇಬಿಟ್ಟರು.

“ಆ ಎಲೆ ಬಿಸಾಡಬೇಡ ಮಾರಾಯ್ತಿ, ಡಾಕ್ಟರಿಗೆ ತೋರಿಸಬೇಕು!” ಎಂದು ಅಂಕಲ್ ಕೂಗಿದರು.

ಕುಕ್ಕುಂದೂರಿನಿಂದ ಕಾರ್ಕಳದ ಆಸ್ಪತ್ರೆಯವರೆಗೂ ಪೋಂ ಪೋಂ ಹಾರ್ನ್! ಲವಿಟಾ ಎಲೆಯನ್ನು ಗಟ್ಟಿಯಾಗಿ ಹಿಡಿದು ಕೂತಿದ್ದಳು.

ಡಾಕ್ಟರ್ ಎಲೆಯನ್ನು ತಿರುಗಿಸಿ ನೋಡಿದರು. “ಓ, ಇದಾ! ಇದರ ರಸದಲ್ಲಿ ಕಣ್ಣಿಗೆ ಕಾಣದ ಸೂಜಿಗಳ ಹಾಗೆ ಹರಳುಗಳು ಉಂಟು. ಬಾಯಿಗೆಲ್ಲ ಚುಚ್ಚುತ್ತವೆ. ಮತ್ತೆ ಎಂತ ತಿನ್ನಿಸಿದಿರಿ?”

“ಅನ್ನದ ಉಂಡೆ ಕೊಡ್ಲಿಕ್ಕೆ ಹೊರಟಿದ್ದೆ. ಇವಳು ಬೇಡ ಅಂದಳು.”

“ಒಳ್ಳೆಯದಾಯ್ತು. ಗಂಟಲು ಊದಿದಾಗ ಉಂಡೆ ಅಲ್ಲೇ ಸಿಕ್ಕಿಕೊಳ್ತಿತ್ತು.”

ಮಮ್ಮಿ ಲವಿಟಾಳ ಕೈ ಹಿಡಿದುಕೊಂಡರು, ಬಿಡಲೇ ಇಲ್ಲ.

ಸಂಜೆಯವರೆಗೂ ಟ್ರೆವರನನ್ನು ಅಲ್ಲೇ ಇಟ್ಟುಕೊಂಡು ನೋಡಿದರು. ಊತ ಇಳಿಯಿತು. ತಣ್ಣಗಿನದು ಕೊಡಬಹುದು ಎಂದರು ಡಾಕ್ಟರ್. ಸಿಲ್ವೆಸ್ಟರ್ ಅಂಕಲ್ ಐಸ್‌ಕ್ರೀಮ್ ತಂದರು.

ಲವಿಟಾ ಒಂದು ಚಮಚ ತೆಗೆದಳು. ಟ್ರೆವರ್ ಚಮಚವನ್ನು ನೋಡಲೇ ಇಲ್ಲ. ಅಕ್ಕನ ಮುಖವನ್ನೇ ನೋಡುತ್ತಾ ಅಗಲವಾಗಿ ಬಾಯಿ ತೆರೆದ. ಮಧ್ಯಾಹ್ನವೂ ಹೀಗೆಯೇ ತೆರೆದಿದ್ದ.

ಲವಿಟಾಳಿಗೆ ಅಳು ಬಂತು. ಚಮಚವನ್ನು ಹಿಂದಕ್ಕೆ ಎಳೆದು, ಮೊದಲು ತಾನೇ ತಿಂದು ನೋಡಿದಳು.

“ಅದು ನನ್ನದು!” ಎಂದು ಗಿರಾಕಿ ಗಲಾಟೆ ಎಬ್ಬಿಸಿದ.

“ಹೌದು ಸಾರ್,” ಎಂದು ಕಣ್ಣೊರೆಸಿಕೊಂಡು, ಅವಳು ಇನ್ನೊಂದು ಚಮಚ ತೆಗೆದಳು.