ಆರನೇ ಬ್ಲಾಕಿನ ತುಂಡು

ಸೋಮವಾರ ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ಅಣೆಕಟ್ಟಿನ ಎಂಜಿನಿಯರ್ ಠಾಣೆಗೆ ಬಂದು ಲಿಖಿತ ದೂರು ಕೊಟ್ಟರು. ಭೂಕಂಪವಾದರೆ ಕಟ್ಟೆ ತಡೆದೀತೇ ಎಂದು ಪರೀಕ್ಷಿಸಲು ಅದರ ಒಡಲಿನಿಂದ, ಬ್ಲಾಕಿಗೊಂದರಂತೆ, ಒಂಬತ್ತು ಕಾಂಕ್ರೀಟ್ ತುಂಡುಗಳನ್ನು ಕೊರೆದು ತೆಗೆದಿದ್ದರು. ಆರನೇ ಬ್ಲಾಕಿನ ತುಂಡನ್ನು ಯಾರೋ ಬದಲಿಸಿದ್ದರು. ಕಟ್ಟೆಯ ಕೆಳಗೆ ಮೂರು ಊರುಗಳಿದ್ದವು.

ಎಫ್‌ಐಆರ್ ದಾಖಲಿಸಿ ಇನ್‌ಸ್ಪೆಕ್ಟರ್ ಎದ್ದಳು. ಎರಡು ರಾತ್ರಿ ಬಂದೋಬಸ್ತ್‌ಗೆ ನಿಂತು ಮಂಡಿ ನೋಯುತ್ತಿತ್ತು.

ಹನ್ನೆರಡಕ್ಕೆ, ತುಂಡುಗಳನ್ನಿಟ್ಟಿದ್ದ ಉಗ್ರಾಣದಲ್ಲಿ ಪಂಚನಾಮೆ. ಬೀಗ ಒಡೆದಿರಲಿಲ್ಲ.

"ಬದಲಾಗಿದೆ ಅಂತ ಹೇಗೆ ಗೊತ್ತಾಯ್ತು?"

"ಕಟ್ಟೆ ಒಳಗೆ ಮುಷ್ಟಿಗಾತ್ರದ ಕಲ್ಲಿರುತ್ತೆ ಮೇಡಂ. ಇದರಲ್ಲಿ ಬರೀ ಸಣ್ಣ ಜಲ್ಲಿ," ಎಂದರು ಎಂಜಿನಿಯರ್.

"ನಮ್ಮನೆ ತಾರಸಿಗೂ ಇದೇ ಹಾಕ್ಸಿದ್ದು," ಎಂದ ಹಿರಿಯ ಪೇದೆ.

"ಅದಕ್ಕೇ ಸೋರೋದು. ಬರ್ಕೊಳ್ರೀ," ಎಂದಳು ಇನ್‌ಸ್ಪೆಕ್ಟರ್.

ಕೀಲಿಗಳು ಎರಡು. ಒಂದು ಎಂಜಿನಿಯರ್ ಬಳಿ, ಇನ್ನೊಂದು ಎಲ್ಲರೂ ಅಕ್ಕ ಎನ್ನುವ ಪ್ರಯೋಗಾಲಯದ ಮುಖ್ಯಸ್ಥೆಯ ಬಳಿ. ಆರನೆಯದೇ ಯಾಕೆ? ಇನ್‌ಸ್ಪೆಕ್ಟರ್ ಕಟ್ಟೆ ಕಟ್ಟಿದ ಕಾಲದ ಪರೀಕ್ಷಾ ರಿಜಿಸ್ಟರ್ ತರಿಸಿದಳು. ಉಳಿದ ಬ್ಲಾಕುಗಳಿಗೆ ಎರಡೆರಡು ಸಹಿ, ಪರೀಕ್ಷೆ ಮಾಡಿದವರದೂ ನಿಂತು ನೋಡಿದವರದೂ. ಆರಕ್ಕೆ ಒಂದೇ, ಅಕ್ಕನದು.

ಮಧ್ಯಾಹ್ನ ಮೂರೂಕಾಲಿಗೆ ಅಕ್ಕನ ಮನೆ. ಮಗಳು ಬಾಗಿಲು ತೆರೆದಳು. ಬಚ್ಚಲ ಮೂಲೆಯಲ್ಲಿ, ಒದ್ದೆ ಗೋಣಿಯಲ್ಲಿ ಸುತ್ತಿದ ಆ ತುಂಡು ಸಿಕ್ಕಿತು.

"ಎಸೆದುಬಿಡಬಹುದಿತ್ತಲ್ಲ?" ಇನ್‌ಸ್ಪೆಕ್ಟರ್ ಅಕ್ಕನನ್ನು ಕೇಳಿದಳು.

"ಎಸೆಯೋಕೆ ಕೈ ಬರ್ಲಿಲ್ಲ. ಒಣಗಿದ್ರೆ ಪರೀಕ್ಷೆ ಸರಿ ಬರಲ್ಲ, ದಿನಾ ನೀರು ಹಾಕ್ತಿದ್ದೆ."

"ಸಣ್ಣ ಜಲ್ಲಿದು ಇಟ್ರೆ ಸಿಕ್ಕಿಬೀಳ್ತೀರಿ ಅಂತ ಹೊಳೀಲಿಲ್ವಾ?"

"ಆ ಅಳತೆಗೆ ಸಿಕ್ಕಿದ್ದು ಅದೊಂದೇ." ಅಕ್ಕ ಒಲೆಯ ಪಕ್ಕದ ಸ್ಟೂಲಿನ ಮೇಲೆ ಕುಳಿತರು. "ಮೊದಲು ಎಂಜಿನಿಯರ್‌ಗೆ ಫೋನ್ ಮಾಡಿ. ಫಲಿತಾಂಶ ಬರೋವರೆಗೆ ನೀರಿನ ಮಟ್ಟ ಇಳಿಸ್ಲಿ."

ಇನ್‌ಸ್ಪೆಕ್ಟರ್ ಫೋನ್ ಮಾಡಿದಳು. ಆಮೇಲೆ ಪೆನ್ನು ತೆಗೆದಳು.

"ಮೂವತ್ತೊಂದು ವರ್ಷ ಆಯ್ತು. ಆರನೇ ಬ್ಲಾಕಿನ ಕಾಂಕ್ರೀಟನ್ನ ಯಂತ್ರದಲ್ಲಿಟ್ಟು ಒಡೆದು ನೋಡ್ಬೇಕಿತ್ತು. ನೋಡ್ಲಿಲ್ಲ. ಅಂಕಿ ಸುಮ್ನೆ ಬರೆದೆ."

"ಯಾಕೆ?"

ಅಕ್ಕ ಮುಂಬಾಗಿಲಲ್ಲಿ ನಿಂತಿದ್ದ ಮಗಳ ಕಡೆ ನೋಡಿ ದನಿ ಇಳಿಸಿದರು. "ಇವಳು ಆಸ್ಪತ್ರೇಲಿದ್ಲು, ಹತ್ತು ತಿಂಗಳ ಮಗು. ನೋಡ್ಕೊಳ್ಳೋಕೆ ನಾನೊಬ್ಳೇ. ರಜಾ ಕೊಡ್ಲಿಲ್ಲ. ಅಂಕಿ ಬರೆದಿಟ್ಟು ಆಸ್ಪತ್ರೆಗೆ ಓಡ್ದೆ. ಮೇಡಂ, ಜೈಲಿಗೆ ಹೋಗ್ತೀನಿ. ಇದನ್ನ ಮಾತ್ರ ಬರೀಬೇಡಿ. ತನ್ನಿಂದಾನೇ ಹೀಗಾಯ್ತು ಅಂತ ಜೀವಮಾನ ಇಡೀ ಕೊರಗ್ತಾಳೆ."

ಇನ್‌ಸ್ಪೆಕ್ಟರ್ ಪೆನ್ನು ಎತ್ತಿ ಹಿಡಿದೇ ಇದ್ದಳು. ತನ್ನ ಮಗನಿಗೆ ಜ್ವರ ಬಂದಾಗಲೆಲ್ಲ ಅವಳು ಅವನನ್ನು ಬಿಟ್ಟು ಡ್ಯೂಟಿಗೆ ಹೋಗಿದ್ದಳು. ಅವನು ಈಗಲೂ ಅದನ್ನು ಎತ್ತಾಡುತ್ತಾನೆ.

'ಮನೆಯ ಅಡಚಣೆಯಿಂದ' ಎಂದಷ್ಟೇ ಬರೆದಳು.

ನಾಲ್ಕೂ ಐವತ್ತಕ್ಕೆ ಬಂಧನ. ಮಹಿಳಾ ಪೇದೆ ಅಕ್ಕನನ್ನು ಜೀಪಿಗೆ ಹತ್ತಿಸಿದಳು. ಮಗಳು ಇನ್‌ಸ್ಪೆಕ್ಟರ್ ಹಿಂದೆಯೇ ಬಂದಳು.

"ಒಂದು ದಿನಾನೂ ಕೆಲಸ ತಪ್ಪಿಸಿದವಳಲ್ಲ ನಮ್ಮಮ್ಮ. ಯಾಕೆ ಹೀಗ್ಮಾಡಿದ್ಲಂತೆ?"

"ಆಗ ಕೆಲಸ ಜಾಸ್ತಿ ಇತ್ತಂತಮ್ಮ," ಎಂದಳು ಇನ್‌ಸ್ಪೆಕ್ಟರ್. "ಒಬ್ಬರ ಕೈಲಿ ಆಗ್ಲಿಲ್ವಂತೆ."